ಮಸ್ಕತ್ತಿನ ತತ್ತಿ, ಪೀರರ ಹುಂಜ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ, ಭತ್ತದ ಗದ್ದೆಗಳ ನಡುವೆ, ಉದ್ದುದ್ದ ಏಳು ಶೆಡ್ಡುಗಳ ಒಂದು ಕೋಳಿ ಫಾರ್ಮು. ಅಲ್ಲಿ ಹೋಗಿ ಮೌಲಾಹುಸೇನ ಯಾರು ಎಂದು ಕೇಳಿದರೆ "ನಮ್ಮ ಹಾಜಿರಾಬೀ ಗಂಡ" ಎನ್ನುತ್ತಾರೆ. ಅವರ ಊರು ವಳಕಮದಿನ್ನಿಗೆ ಬಂದು ಹಾಜಿರಾಬೀ ಯಾರು ಎಂದು ಕೇಳಿದರೆ "ಟ್ರ್ಯಾಕ್ಟರ್ ಮೌಲಾಹುಸೇನನ ಹೆಂಡತಿ" ಎನ್ನುತ್ತಾರೆ. ಇಬ್ಬರಿಗೂ ಒಂದೊಂದು ಕಡೆ ಹೆಸರಿದ್ದದ್ದರಿಂದ ಮನೆಯಲ್ಲಿ ಜಗಳ ಕಡಿಮೆ. ಜಗಳ ಬಂದರೆ, ದಿನವೆಲ್ಲ ದಖನಿ ಉರ್ದು ಮಾತಾಡುವ ಗಂಡ ಹೆಂಡತಿ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು. ಬೈಯಲಿಕ್ಕೆ ಕನ್ನಡವೇ ಚಲೋ ಎಂಬುದು ಹಾಜಿರಾಬೀಯ ಅಭಿಪ್ರಾಯ.

ಅವಳ ಕೆಲಸ ಮೊಟ್ಟೆ ನೋಡುವುದು. ಇದೇನು ಮಹಾ ಕೆಲಸ, ಮೊಟ್ಟೆ ಯಾರು ನೋಡಿಲ್ಲ ಎನ್ನಬೇಡಿ. ಕಿಟಕಿ ಮುಚ್ಚಿದ ಕೋಣೆ. ಕೆಳಗಿನಿಂದ ಬೆಳಕು ಬೀಳುವ ಪಟ್ಟಿಯ ಮೇಲೆ ಮೊಟ್ಟೆಗಳು ಸಾಲಾಗಿ ಉರುಳುತ್ತ ಬರುತ್ತವೆ. ಕೂದಲೆಳೆಯಷ್ಟು ಬಿರುಕು, ಒಳಗೊಂದು ರಕ್ತದ ಚುಕ್ಕೆ, ತೆಳ್ಳಗಾದ ಚಿಪ್ಪು ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಎತ್ತಿ ಬದಿಗಿಡಬೇಕು. ಉಳಿದವು ಪೆಟ್ಟಿಗೆ ಸೇರಿ, ತಂಪು ಕಂಟೇನರ್ ಹತ್ತಿ, ಮುಂಬಯಿಯಿಂದ ಹಡಗಿನಲ್ಲಿ ಮಸ್ಕತ್ತಿಗೆ ಹೋಗುತ್ತವೆ. ಒಂದು ಒಡಕು ಮೊಟ್ಟೆ ಕಣ್ಣು ತಪ್ಪಿಸಿ ಪೆಟ್ಟಿಗೆಯಲ್ಲಿ ಕೂತರೂ ಹಡಗು ದಡ ಮುಟ್ಟುವಷ್ಟರಲ್ಲಿ ಇಡೀ ಪೆಟ್ಟಿಗೆ ನಾರುತ್ತದೆ. ಹಾಜಿರಾಬೀ ನೋಡಿ ಕಳಿಸಿದ ಪೆಟ್ಟಿಗೆಯ ಮೇಲೆ ನಾಲ್ಕು ವರ್ಷದಲ್ಲಿ ಒಂದು ದೂರೂ ಬಂದಿರಲಿಲ್ಲ.

ಆ ಕೋಣೆಯಲ್ಲಿ ಒಟ್ಟು ಮೂವತ್ತೆರಡು ಹೆಂಗಸರು. ಹೆಚ್ಚಿನವರು ಹತ್ತು ಹದಿನೈದು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಭತ್ತ ನಾಟಿ ಮಾಡಿ ಬಂದವರು. ಕುರ್ಚಿಯ ಮೇಲೆ ಕೂತು, ತಲೆಯ ಮೇಲೆ ಫ್ಯಾನು ತಿರುಗುತ್ತಿರುವಾಗ ಮಾಡುವ ಕೆಲಸವೊಂದು ಲೋಕದಲ್ಲಿದೆ ಎಂದು ಅವರಿಗೆ ಗೊತ್ತಾದದ್ದೇ ಅಲ್ಲಿ. ಮೊದಲ ದಿನ ಎದುರು ಮನೆಯ ಶಿವಗಂಗಾ ಕುರ್ಚಿಯ ತುದಿಯಲ್ಲಿ ಸಂಕೋಚದಿಂದ ಕೂತದ್ದು ನೋಡಿ ಹಾಜಿರಾಬೀ, "ಸರಿಯಾಗಿ ಕುಂದ್ರಬೇ, ಕುರ್ಚಿ ಏನ್ ಕಡಿಯಂಗಿಲ್ಲ" ಎಂದಿದ್ದಳು.

ಫಾರ್ಮಿನ ಧಣಿ ವೀರೇಂದ್ರ. ಮೂರು ತಲೆಮಾರಿನಿಂದ ಮೊಟ್ಟೆ ಮುಟ್ಟದ ಮನೆತನ. ದಿನಕ್ಕೆ ಲಕ್ಷ ಮೊಟ್ಟೆ ಮಾರುವ ಮಗನನ್ನು ಅವನ ತಾಯಿ ಶೇಖರಮ್ಮ ಹಿತ್ತಲಲ್ಲಿ ಸ್ನಾನ ಮಾಡಿಸದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವಳದು ಮಡಿ. ಆದರೆ ಪರದೇಶಕ್ಕೆ ಮೊಟ್ಟೆ ಕಳಿಸುವವರ ಮಡಿ ಶೇಖರಮ್ಮನದಕ್ಕಿಂತ ಒಂದು ಕೈ ಮೇಲು. ಗೇಟಿನಲ್ಲಿ ಕಾಲು ತೊಳೆಯಬೇಕು, ಬಟ್ಟೆ ಬದಲಿಸಬೇಕು, ಲಾರಿಯ ಗಾಲಿಗೂ ಔಷಧಿ ನೀರಿನ ಸ್ನಾನ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಕೆಲಸ ಮಾಡುವವರು ಮನೆಯಲ್ಲಿ ಕೋಳಿ, ಬಾತು, ಪಾರಿವಾಳ ಏನನ್ನೂ ಸಾಕುವ ಹಾಗಿಲ್ಲ. ಮನೆಯ ಕೋಳಿಯ ರೋಗ ಬಟ್ಟೆಗೆ ಅಂಟಿ ಫಾರ್ಮಿಗೆ ಬಂದರೆ ಏಳು ಶೆಡ್ಡಿನ ಕೋಳಿಗಳನ್ನೂ ಮಣ್ಣು ಮಾಡಬೇಕಾಗುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲರೂ "ನಮ್ಮ ಮನೆಯಲ್ಲಿ ಕೋಳಿ ಇಲ್ಲ" ಎಂದು ಕಾಗದಕ್ಕೆ ರುಜು ಹಾಕಬೇಕು. ಕೆಲಸಕ್ಕೆ ಸೇರುವ ಮೊದಲೇ ಹಾಜಿರಾಬೀ ತನ್ನ ಏಳು ಜವಾರಿ ಕೋಳಿಗಳನ್ನು ಬುಟ್ಟಿಯಲ್ಲಿ ಕೂಡಿಸಿಕೊಂಡು ಬಸ್ಸಿನಲ್ಲಿ ಸಂತೆಕಲ್ಲೂರಿನ ಅಕ್ಕ ಜುಬೇದಾಬೀಗೆ ಕೊಟ್ಟು ಬಂದಿದ್ದಳು. ಬರುವಾಗ ಬಸ್ಸಿನಲ್ಲಿ ಅತ್ತಿದ್ದಳು ಕೂಡ.

ಇಷ್ಟು ಕಟ್ಟುನಿಟ್ಟಿನವಳ ಅಂಗಳದಲ್ಲಿ ಹುಂಜ ಹೇಗೆ ಬಂತು ಎನ್ನುವುದೇ ಈ ಕಥೆ.

ಹಿಂದಿನ ವರ್ಷ ಮಳೆಗಾಲದಲ್ಲಿ ಮೌಲಾಹುಸೇನ ಕಾಲುವೆ ಏರಿಯ ಮೇಲೆ ಟ್ರ್ಯಾಕ್ಟರ್ ತಿರುಗಿಸಲು ಹೋಗಿ ಕೆಳಗೆ ಬಿದ್ದ. ಬಲಗಾಲು ಎರಡು ಕಡೆ ಮುರಿಯಿತು. ಇನ್ನು ಈ ಕಾಲಿನಲ್ಲಿ ಟ್ರ್ಯಾಕ್ಟರ್ ಹತ್ತುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದಾಗ ಹಾಜಿರಾಬೀ ಊರ ಹೊರಗಿನ ದರ್ಗಾಕ್ಕೆ ಹೋಗಿ, ಗಂಡ ತನ್ನ ಕಾಲ ಮೇಲೆ ಟ್ರ್ಯಾಕ್ಟರ್ ಹತ್ತಿದರೆ ಕಂದೂರಿ ಮಾಡಿಸುತ್ತೇನೆ ಎಂದು ಹರಕೆ ಹೊತ್ತಳು. ಕಂದೂರಿ ಎಂದರೆ ದರ್ಗಾದ ಬೇವಿನ ಕೆಳಗೆ ಹರಕೆಯ ಪ್ರಾಣಿ ಕೊಯ್ದು ಅಡುಗೆ ಮಾಡಿ ಜನಕ್ಕೆ ಉಣಿಸುವುದು. ಈ ಸೀಮೆಯಲ್ಲಿ ಹಿಂದೂಗಳೂ ಮಾಡುತ್ತಾರೆ, ಮುಸಲ್ಮಾನರೂ ಮಾಡುತ್ತಾರೆ. ಇದ್ದವರು ಕುರಿ ಬಿಡುತ್ತಾರೆ, ಇಲ್ಲದವರು ಹುಂಜ. ಹಾಜಿರಾಬೀ ಒಂದು ಹುಂಜದ ಮರಿ ತಂದು, ಕಾಲಿಗೆ ಹಸಿರು ದಾರ ಕಟ್ಟಿ, ಪೀರರ ಹೆಸರು ಹೇಳಿ ಓಣಿಯಲ್ಲಿ ಬಿಟ್ಟಳು.

ಹಾಗೆ ಬಿಟ್ಟ ಗಳಿಗೆಯಿಂದ ಅದು ಪೀರರದು. ಯಾರ ಅಂಗಳಕ್ಕೆ ಬಂದರೂ ಕಾಳು ಹಾಕಬೇಕು, ಕಲ್ಲು ಬೀಸುವಂತಿಲ್ಲ. ಬಿಟ್ಟವರು ಬಾಯಿ ತಪ್ಪಿಯೂ "ನನ್ನದು" ಎನ್ನುವಂತಿಲ್ಲ. ಅಂದರೆ ಹರಕೆ ಮುರಿಯಿತು, ಕೊಟ್ಟದ್ದನ್ನು ಪೀರರು ವಾಪಸ್ ತೆಗೆದುಕೊಳ್ಳುತ್ತಾರೆ. ಕೊಟ್ಟದ್ದು ಇಲ್ಲಿ ಗಂಡನ ಕಾಲು. ಹೀಗಾಗಿ ಮೂರು ತಿಂಗಳಿಗೊಮ್ಮೆ ಕಾಗದ ಮುಂದೆ ಬಂದಾಗ ಹಾಜಿರಾಬೀ ಸಾಫ್ ಮನಸ್ಸಿನಿಂದ ರುಜು ಹಾಕುತ್ತಿದ್ದಳು. ಅದೇ ಓಣಿಯಿಂದ ಕೆಲಸಕ್ಕೆ ಬರುತ್ತಿದ್ದ ಶಿವಗಂಗಾ ಮತ್ತು ಇನ್ನಿಬ್ಬರೂ ಹಾಕುತ್ತಿದ್ದರು. ಸುಳ್ಳು ಹೇಳಿದರು ಎನ್ನಬೇಡಿ. ಪೀರರ ಆಸ್ತಿಯನ್ನು ತಮ್ಮ ಮನೆಯ ಲೆಕ್ಕದಲ್ಲಿ ಬರೆಯುವ ಧೈರ್ಯ ಆ ಓಣಿಯಲ್ಲಿ ಯಾರಿಗಿತ್ತು? ಆ ಹುಂಜ ಮಾತ್ರ ನಾಲ್ಕು ಅಂಗಳದಲ್ಲಿ ತಿಂದು, ಹಾಜಿರಾಬೀಯ ಕಟ್ಟೆಯ ಮೇಲೆ ಮಲಗಿ, ಧಣಿಯ ಹಾಗೆ ಕೊಬ್ಬಿತ್ತು.

ಆ ಚಳಿಗಾಲದಲ್ಲಿ ಸಮುದ್ರದ ಕಡೆಯ ದೂರದ ಜಿಲ್ಲೆಯೊಂದರಲ್ಲಿ ಹಕ್ಕಿ ಜ್ವರ ಬಿತ್ತು. ಮೂರೇ ದಿನದಲ್ಲಿ ಮಸ್ಕತ್ತು ಬಾಗಿಲು ಹಾಕಿತು. ಆಗಲೇ ಮುಂಬಯಿ ಮುಟ್ಟಿದ್ದ ಎರಡು ಕಂಟೇನರ್ ಹಿಂದಕ್ಕೆ ಬಂದವು. ವೀರೇಂದ್ರ ಮೊಟ್ಟೆ ಕೋಣೆಗೆ ಬಂದು ಎಲ್ಲರನ್ನೂ ನಿಲ್ಲಿಸಿ ಹೇಳಿದ.

"ರೋಗ ಬಂದಿದ್ದು ಎಲ್ಲೋ, ಬಾಗಿಲಾ ಮುಚ್ಚಿದ್ದು ನಮಗ. ಅವರಿಗೆ ಸಿಂಧನೂರ ಯಾವುದು, ಆ ಊರ ಯಾವುದು ಗೊತ್ತಿಲ್ಲ. ಹಿಂದುಸ್ತಾನದ ತತ್ತಿ ಬ್ಯಾಡ ಅಂದ್ರು, ಮುಗೀತು. ಸ್ವಲ್ಪ ದಿನಾ ಮನ್ಯಾಗ ಇರ್ರಿ. ಬಾಗಿಲಾ ತೆರದ್ರ ಕರೀತೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕೇಳಿದ್ದ ಹಾಜಿರಾಬೀಗೆ ಆ ಎಮ್ಮೆ ತಾನೇ ಎಂದು ಅಂದು ಗೊತ್ತಾಯಿತು. ಬಂದರು ಮುಚ್ಚಿದೆ ಎಂದು ಕೋಳಿಗಳಿಗೆ ಹೇಳುವವರು ಯಾರು? ಅವು ದಿನಾ ಇಡುತ್ತಲೇ ಇದ್ದವು. ಇತ್ತ ಸಿಂಧನೂರು, ಲಿಂಗಸುಗೂರಿನ ಜನ ಹೆದರಿ ಕೋಳಿ, ಮೊಟ್ಟೆ ತಿನ್ನುವುದನ್ನೇ ಬಿಟ್ಟರು. ಮಸ್ಕತ್ತಿನ ಅಂಗಡಿಗಳಲ್ಲಿ ತುರ್ಕಿ ದೇಶದ ಮೊಟ್ಟೆ ಬಂದು ಕೂತವು. ಮೂವತ್ತೆರಡು ಹೆಂಗಸರೂ ಸೆರಗು ಬಿಗಿದು ಮತ್ತೆ ಗದ್ದೆಗೆ ಇಳಿದರು. ನಾಲ್ಕು ವರ್ಷ ಕುರ್ಚಿಯ ರುಚಿ ಕಂಡ ಸೊಂಟ ಮೊದಲಿನ ಹಾಗೆ ಬಗ್ಗಲಿಲ್ಲ. ಮೂರನೆಯ ದಿನ ಶಿವಗಂಗಾ ಬದುವಿನ ಮೇಲೆ ಕುಸಿದು ಕೂತು, "ಅಕ್ಕಾ, ನನ್ನ ಕೈಲೆ ಆಗಂಗಿಲ್ಲ" ಎಂದು ಅತ್ತಳು. ಹಾಜಿರಾಬೀಗೂ ಅಳು ಬಂತು. ಆದರೆ ಇಬ್ಬರೂ ಅತ್ತರೆ ಕಳೆ ಕೀಳುವವರು ಯಾರು ಎಂದು ಸುಮ್ಮನಾದಳು.

ಎಂಟು ವಾರ ಕಳೆದ ಮೇಲೆ ಸುದ್ದಿ ಬಂತು. ಇಡೀ ದೇಶಕ್ಕೆ ಬಾಗಿಲು ತೆರೆಯುವುದಿಲ್ಲ. ಆದರೆ ಯಾವ ಫಾರ್ಮು ತನ್ನಲ್ಲಿ ರೋಗ ಬಂದಿಲ್ಲ, ಬರುವ ದಾರಿಯೂ ಇಲ್ಲ ಎಂದು ಸರ್ಕಾರಿ ಪಶುವೈದ್ಯರಿಂದ ಬರೆಸಿ ಕಳಿಸುತ್ತದೋ ಅದರ ಮೊಟ್ಟೆ ತೆಗೆದುಕೊಳ್ಳುತ್ತಾರಂತೆ. ಅದೂ ತಿಂಗಳ ಕೊನೆಯೊಳಗೆ. ತಪ್ಪಿದರೆ ಮಸ್ಕತ್ತಿನ ವ್ಯಾಪಾರಿ ತುರ್ಕಿಯವರ ಜೊತೆ ಇಡೀ ವರ್ಷಕ್ಕೆ ಕರಾರು ಮಾಡಿಕೊಳ್ಳುತ್ತಾನೆ. ವೀರೇಂದ್ರ ಮೂರು ಸಲ ಲಿಂಗಸುಗೂರಿಗೆ ಓಡಾಡಿ ಡಾಕ್ಟರ್ ಭಾರತಿಯನ್ನು ಕರೆತಂದ.

ಭಾರತಿ ಮೇಡಂ ನಗುಮುಖದವರು, ಆದರೆ ಕಣ್ಣು ಹಾಜಿರಾಬೀಯದರಷ್ಟೇ ಚುರುಕು. ಏಳು ಶೆಡ್ಡು ತಿರುಗಿ, ಕೋಳಿಗಳ ಗಂಟಲಿಗೆ ಹತ್ತಿಕಡ್ಡಿ ಹಾಕಿ ಸ್ಯಾಂಪಲ್ ತೆಗೆದು, ಎಲ್ಲ ಸರಿಯಿದೆ ಎಂದರು. ಕೊನೆಗೆ ಕೆಲಸದವರ ಹೆಸರು ಬರೆದ ಚೀಟಿಗಳಲ್ಲಿ ಐದನ್ನು ಎತ್ತಿ, ಆ ಐದು ಮನೆ ನೋಡಬೇಕು ಎಂದರು. ಮೂರನೆಯ ಚೀಟಿ ಹಾಜಿರಾಬೀಯದು. ವೀರೇಂದ್ರನಿಗೆ ಖುಷಿಯಾಯಿತು.

"ಮೇಡಂ, ಅಕಿ ಮನೀ ನೋಡ್ರಿ ನೀವು. ಕೋಳಿ ಪುಚ್ಚ ಸೈತ ಸಿಗಂಗಿಲ್ಲ" ಎಂದ.

ಬೆಳಗಿನ ಹೊತ್ತು. ಬಿಳಿ ಕೋಟು, ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡ ಡಾಕ್ಟರಮ್ಮ ವೀರೇಂದ್ರನ ಜೊತೆ ಓಣಿಗೆ ಬಂದದ್ದೇ ಜನ ಸೇರಿದರು. ಅಂಗಳ ಗುಡಿಸಿ ಸಾರಿಸಿತ್ತು. ಹಿತ್ತಲಲ್ಲಿ ಗೂಡಿಲ್ಲ, ಬುಟ್ಟಿಯಿಲ್ಲ. ಮೇಡಂ ಕಾಗದದಲ್ಲಿ ಸರಿ ಗುರುತು ಹಾಕಲು ಪೆನ್ನು ತೆಗೆದರು. ಅಷ್ಟರಲ್ಲಿ ಕಟ್ಟೆಯ ಮೇಲೆ ರೆಕ್ಕೆ ಬಡಿದ ಸದ್ದಾಯಿತು. ಹಸಿರು ದಾರದ ಕಾಲೂರಿ ನಿಂತು ಹುಂಜ ಓಣಿಯೇ ಕೇಳುವಂತೆ ಕೂಗಿತು.

"ಇದು ಯಾರದು?" ಮೇಡಂ ಕೇಳಿದರು.

"ಪೀರರದ್ರೀ" ಎಂದಳು ಹಾಜಿರಾಬೀ. ಅವಳ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಓಣಿಯವರೂ ಹೌದೌದು ಪೀರರದು ಎಂದು ತಲೆಯಾಡಿಸಿದರು.

ಲಿಂಗಸುಗೂರಿನಲ್ಲೇ ಹುಟ್ಟಿ ಬೆಳೆದ ಮೇಡಂಗೆ ಕಂದೂರಿ ತಿಳಿಯದ್ದೇನಲ್ಲ. "ಪೀರರು ಫಾರ್ಮಿನ್ಯಾಗ ಕೆಲಸಾ ಮಾಡಂಗಿಲ್ಲವ್ವಾ, ನೀ ಮಾಡ್ತಿ" ಎಂದರು. "ಇದು ನಿನ್ನ ಕಟ್ಟಿ ಮ್ಯಾಲೆ ಮಲಗತೈತಿ. ಅದನ್ನ ದಾಟಿ ನೀ ದಿನಾ ಫಾರ್ಮಿಗೆ ಹೋಗ್ತಿದ್ದಿ."

ಹಾಜಿರಾಬೀ ತಿರುಗಿ ಕಟ್ಟೆಯ ಕಡೆ ನೋಡಿದಳು. ನಾಲ್ಕು ವರ್ಷ ಮೊಟ್ಟೆಯ ಕೂದಲೆಳೆ ಬಿರುಕು ಕಂಡ ಕಣ್ಣಿಗೆ ಕಟ್ಟೆಯ ಮೇಲಿನ ಹುಂಜ ಕಂಡಿರಲಿಲ್ಲ. ವೀರೇಂದ್ರ ಮುಂದೆ ಬಂದ.

"ಮೇಡಂ, ಈಗಿಂದೀಗ ಇದನ್ನ ಬ್ಯಾರೆ ಊರಿಗೆ ಸಾಗಸ್ತೀನ್ರೀ. ನೀವು ನೋಡೇ ಇಲ್ಲ ಅಂತ ತಿಳ್ಕೊರಿ."

"ನೋಡೀನಲ್ರೀ, ಹೆಂಗ ನೋಡಿಲ್ಲ ಅಂತ ಬರೀಲಿ?" ಮೇಡಂ ಸಿಟ್ಟಾಗಲಿಲ್ಲ; ಬಿಡಿಸಿ ಹೇಳಿದರು. "ಈ ಹುಂಜಕ್ಕ ಒಡೇರಿಲ್ಲ, ಓಣ್ಯಾಗ ಅಡ್ಡಾಡತೈತಿ ಅಂತ ಬರದ್ರ, ನಿಮ್ಮ ಕೆಲಸದವರ ಮನಿಗೆ ಯಾರದೋ ಕೋಳಿ ಬರತಾವ, ನಿಮಗ ಅದರ ಖಬರಿಲ್ಲ ಅಂದಂಗಾತು. ಫಾರ್ಮಿನ ಅರ್ಜೀನ ಬಿದ್ದು ಹೋಗತೈತಿ. ಒಬ್ಬರು ಸಾಕ್ಯಾರ ಅಂತ ಆದ್ರ, ಅವರೊಬ್ಬರ ತಪ್ಪು. ನಿಮ್ಮ ಕಾಯ್ದೆದಾಗ ಐತೆಲ್ಲ, ಅವರ ಹೆಸರು ಹೊಡದು ಹಾಕ್ರಿ, ಹುಂಜದ ಸ್ಯಾಂಪಲ್ ಸಾಫ್ ಬಂದ್ರ ಅರ್ಜಿ ಮುಂದಕ್ಕ ಹೋಗತೈತಿ. ನನಗ ಖರೇ ಮಾತು ಬೇಕು. ಇದನ್ನ ತಂದವರು ಯಾರು, ಸಾಕಿದವರು ಯಾರು?"

ಓಣಿಯವರು ಯಾರೂ ಹಾಜಿರಾಬೀಯ ಕಡೆ ನೋಡಲಿಲ್ಲ; ನೋಡದೆ ಇರುವ ರೀತಿಯಲ್ಲೇ ಎಲ್ಲ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ನಿಂತ ಮೌಲಾಹುಸೇನನಿಗೆ ಹೆಂಡತಿ ಏನು ಮಾಡುತ್ತಾಳೆ ಎಂಬುದು ಅವಳಿಗಿಂತ ಮೊದಲೇ ಹೊಳೆಯಿತು. ಕೋಲು ಬಿಟ್ಟು, ತಾನಾಗಿ ಟ್ರ್ಯಾಕ್ಟರ್ ಹತ್ತಲು ಶುರುಮಾಡಿ ಅವನಿಗೆ ಇನ್ನೂ ತಿಂಗಳಾಗಿರಲಿಲ್ಲ.

"ಬ್ಯಾಡ ಹಾಜಿರಾ" ಎಂದ. "ಆ ಮಾತು ಆಡಬ್ಯಾಡ. ನನ್ನ ಕಾಲು ಐತಿ ಅದರಾಗ."

ಹಾಜಿರಾಬೀ ಗಂಡನ ಕಾಲು ನೋಡಿದಳು. ಆಸ್ಪತ್ರೆಯಲ್ಲಿ ಆ ಕಾಲು ತೂಗುಹಾಕಿದ್ದ ದಿನಗಳು ನೆನಪಾದವು. ಅವಳಿಗೆ ಪೀರರ ಭಯವಿತ್ತು, ನಿಜವಾದ ಭಯ. ಎದುರಿನ ಬಾಗಿಲಲ್ಲಿ ಶಿವಗಂಗಾ ನಿಂತಿದ್ದಳು, ಗದ್ದೆಗೆ ಹೊರಟವಳು, ಹರಿದ ಹಳೆಯ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಅವಳು ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ದರೆ ಹಾಜಿರಾಬೀಗೆ ಸಿಟ್ಟಾದರೂ ಬರುತ್ತಿತ್ತು.

"ಬರಕೋರಿ ಮೇಡಂ" ಎಂದಳು. "ಹುಂಜ ನಂದು. ನಾನ ತಂದೀನಿ, ನಾನ ಸಾಕೀನಿ. ಇವರಿಗ್ಯಾರಿಗೂ ಸಂಬಂಧ ಇಲ್ಲ."

ಮೌಲಾಹುಸೇನ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ. ಮೇಡಂ ಬರೆದರು, ಹಾಜಿರಾಬೀ ರುಜು ಹಾಕಿದಳು. ಅವಳೇ ಹುಂಜವನ್ನು ಹಿಡಿದುಕೊಂಡಳು, ಮೇಡಂ ಅದರ ಗಂಟಲಿಗೆ ಹತ್ತಿಕಡ್ಡಿ ಹಾಕಿದರು. ಹುಂಜ ಮಾತ್ರ ಮೇಡಂ ಕೈಗೆ ಸರಿಯಾಗಿ ಕುಕ್ಕಿತು.

ಸ್ಯಾಂಪಲ್ ಸಾಫ್ ಬಂತು. ತಿಂಗಳು ಮುಗಿಯಲು ಎರಡು ದಿನವಿದ್ದಾಗ ಕಾಗದ ಮಸ್ಕತ್ತಿಗೆ ಹೋಯಿತು. ಮೊಟ್ಟೆ ಕೋಣೆಯ ಬಾಗಿಲು ತೆರೆದು ಮೂವತ್ತೊಂದು ಹೆಂಗಸರು ಕುರ್ಚಿಗೆ ಮರಳಿದರು. ವೀರೇಂದ್ರ ಮೋಟಾರ್‌ಸೈಕಲ್ ಮೇಲೆ ಹಾಜಿರಾಬೀಯ ಮನೆಯ ತನಕ ಬಂದ. ಹುಂಜ ಕಟ್ಟಿಹಾಕಿದ್ದ ಅಂಗಳಕ್ಕೆ ಕಾಲಿಡುವಂತಿಲ್ಲವಾದ್ದರಿಂದ ರಸ್ತೆಯಲ್ಲೇ ನಿಂತು ಮಾತಾಡಿದ.

"ನೀ ನಮ್ಮನ್ನ ಉಳಿಸೀದಿ ಹಾಜಿರಾಬೀ. ಆದರ ನಿನ್ನ ಹೆಸರು ಹೊಡದು ಹಾಕೀನಂತ ನಾನ ಬರದು ಕೊಟ್ಟೀನಿ. ಇನ್ನ ನೀ ಗೇಟಿನ ಒಳಗ ಬರಂಗಿಲ್ಲ. ನನ್ನ ಮ್ಯಾಲೆ ಸಿಟ್ಟಾಗಬ್ಯಾಡ."

"ಸಿಟ್ಟು ಬಂದೈತ್ರೀ ಧಣೀ" ಎಂದಳು ಹಾಜಿರಾಬೀ. "ನಿಮ್ಮ ಮ್ಯಾಲಲ್ಲ. ಯಾರ ಮ್ಯಾಲೆ ಅಂತ ತಿಳಿವಲ್ದು."

ಅದು ನಿಜ. ಸಮುದ್ರದ ದಂಡೆಯ ಯಾವುದೋ ಕೋಳಿಯ ಮೇಲೋ, ಕಂಡೇ ಇರದ ಮಸ್ಕತ್ತಿನ ಮೇಲೋ, ಕೂಗಬಾರದ ಹೊತ್ತಿನಲ್ಲಿ ಕೂಗಿದ ಹುಂಜದ ಮೇಲೋ, ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಅವಳು ಎರಡು ದಿನ ಪಾತ್ರೆಗಳನ್ನು ಕುಕ್ಕಿದಳು. ಮೌಲಾಹುಸೇನ ಆ ಎರಡು ದಿನವೂ ಕಾಲು ಒತ್ತಿ ಒತ್ತಿ ನೋಡಿಕೊಂಡ. ಕಾಲು ಗಟ್ಟಿಯಾಗಿಯೇ ಇತ್ತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಮೂರನೆಯ ದಿನ ದರ್ಗಾಕ್ಕೆ ಹೋಗಿ ಅಲ್ಲಿಯ ಸೇವೆ ನೋಡಿಕೊಳ್ಳುವ ಮುಜಾವರ ಯೂನುಸನ ಮುಂದೆ ಎಲ್ಲ ಹೇಳಿಕೊಂಡಳು.

"ಬಾಯಿಬಿಟ್ಟು ನಂದು ಅಂದೀನಿ ಭಾಯ್. ಕಾಗದದಾಗ ಬರಕೊಟ್ಟೀನಿ. ಇನ್ನ ಪೀರರು ಅದನ್ನ ತಗೋತಾರನು?"

ಯೂನುಸ ನವಿಲುಗರಿಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡ. "ಅವರದು ಅವರಿಗೆ ಕೊಟ್ರ ಅದ್ಯಾವ ದೊಡ್ಡ ಮಾತು?" ಎಂದ. "ಈಗ ನಿಂದು ಆಗೇತಿ. ಈಗ ತಂದು ಕೊಡು."

ಹಾಜಿರಾಬೀಗೆ ಅಲ್ಲಿಯೇ ಅಳು ಒತ್ತಿ ಬಂತು. ಕೆಲಸ ಹೋದ ದಿನ ಬಾರದ ಅಳು ಅದು. ಕಣ್ಣೊರೆಸಿಕೊಂಡು ಮುಂದಿನ ಗುರುವಾರವೇ ಕಂದೂರಿ ಎಂದು ಗೊತ್ತುಮಾಡಿ ಬಂದಳು.

ಗುರುವಾರ ಬೇವಿನ ಕೆಳಗೆ ಅವಳದಲ್ಲದೆ ಇನ್ನೂ ಐದಾರು ಮನೆಯವರ ಒಲೆ ಹೊತ್ತಿದ್ದವು. ಹುಂಜ ಒಂದೇ, ಉಣ್ಣುವವರು ನೂರು. ಹಾಜಿರಾಬೀ ಸಾರಿಗೆ ನೀರು ಹಾಕಿದ್ದೇ ಹಾಕಿದ್ದು. ಇಂಥ ಸಾರಿನಲ್ಲಿ ಹುಂಜವನ್ನು ಹುಡುಕಬಾರದು, ಅದು ಈಜಿ ಹೋದದ್ದನ್ನು ನಂಬಬೇಕು ಎಂದು ನೆರೆಮನೆಯ ಮುದುಕಿ ಬಸ್ಸಮ್ಮ ನಗಿಸಿದಳು. ಮೌಲಾಹುಸೇನ ಗಟ್ಟಿ ಕಾಲಿನಲ್ಲಿ ನಿಂತು ಎಲ್ಲರಿಗೂ ತಾನೇ ಬಡಿಸಿದ.

ಸಂಜೆ ಐದರ ಹೊತ್ತಿಗೆ ಫಾರ್ಮಿನ ಟೆಂಪೊ ಬಂದು ರಸ್ತೆಯಲ್ಲಿ ನಿಂತಿತು. ಕೆಲಸ ಮುಗಿಸಿದವರೇ ಮೂವತ್ತೊಂದು ಹೆಂಗಸರೂ ಹಸಿದ ಹೊಟ್ಟೆಯಲ್ಲಿ ನೇರವಾಗಿ ಬಂದಿದ್ದರು. ಶಿವಗಂಗಾ ಎಲ್ಲರಿಗಿಂತ ಮೊದಲು ಇಳಿದು, "ಅಕ್ಕಾ, ನಾವು ಬಂದೇವಿ!" ಎಂದು ಕೂಗುತ್ತ ಓಡಿಬಂದಳು. ಹಾಜಿರಾಬೀಯ ಮುಖ ಅರಳಿತು. ಒಂದೆರಡು ಹೆಜ್ಜೆ ಎದುರಿಗೆ ಹೋದವಳು ತನ್ನ ಕಾಲ ಬಳಿ ನೋಡಿದಳು. ಬೇವಿನ ಕೆಳಗಿನ ನೆಲದ ತುಂಬ ಅಂದು ಕೊಯ್ದ ಹರಕೆಯ ಕೋಳಿಗಳ ಪುಕ್ಕ ಹರಡಿತ್ತು, ಅಲ್ಲಲ್ಲಿ ರಕ್ತ ಒಣಗಿತ್ತು.

"ಅಲ್ಲೇ ನಿಲ್ಲಬೇ!" ಸೌಟು ಎತ್ತಿ ಕೂಗಿದಳು. "ಒಂದ್ ಹೆಜ್ಜಿ ಮುಂದ ಇಡಬ್ಯಾಡ. ಯಾರೂ ಬರಬ್ಯಾಡ್ರಿ. ಎಲ್ಲಾ ಕಡೆ ಕೋಳಿ ಪುಚ್ಚ ಐತಿ. ಇದನ್ನ ತುಳದು ನಾಳೆ ಫಾರ್ಮಿಗೆ ಹೋಗ್ತೀರೇನು?"

"ಯಾರ್ ನೋಡ್ತಾರ ಅಕ್ಕಾ? ಕಾಲ್ ತೊಳಕೊಂಡ್ ಹೋಗ್ತೀವಿ."

"ಯಾರೂ ನೋಡಂಗಿಲ್ಲ ಅಂತ ಒಂದ್ ಸಲ ಆತು, ಸಾಕು. ಹತ್ರಿ ಗಾಡಿ."

ಕಂದೂರಿಗೆ ಕರೆಯದೆಯೂ ಬರಬಹುದು. ಬಂದವರನ್ನು ಮಾತ್ರ ಉಣಿಸದೆ ಕಳಿಸುವಂತಿಲ್ಲ. ಬೇಯಿಸಿದ್ದನ್ನು ಬೇವಿನ ನೆರಳಿನಾಚೆ ಒಯ್ಯುವಂತೆಯೂ ಇಲ್ಲ, ಅಲ್ಲೇ ಕೂತು ಉಣ್ಣಬೇಕು. ಇದು ಶಿವಗಂಗಾಳಿಗೂ ಗೊತ್ತು. "ಕಂದೂರಿ ಬಿಟ್ಟು ಹ್ವಾದ್ರ ಪಾಪ ಹತ್ತತೈತಿ ಅಕ್ಕಾ" ಎಂದಳು, ಅಳುಮುಖ ಮಾಡಿಕೊಂಡು.

"ಹತ್ತಿದ್ರ ನನಗ ಹತ್ತಲಿ. ನಡೀರಿ ಅಂದ್ರ ನಡೀರಿ."

ಅವಳ ದನಿ ಕೇಳಿ ಹೆಂಗಸರು ಒಬ್ಬೊಬ್ಬರಾಗಿ ಟೆಂಪೊ ಹತ್ತಿದರು. ಗಾಡಿ ತಿರುಗಿ ಊರಿನ ಕಡೆ ಹೋಯಿತು. ಬಂದವರನ್ನು ತಿರುಗಿಸಿ ಕಳಿಸಿದ್ದನ್ನು ತನ್ನ ಅಪ್ಪನ ಕಾಲದಿಂದಲೂ ಈ ದರ್ಗಾದಲ್ಲಿ ಕಂಡಿಲ್ಲ ಎಂದು ಯೂನುಸ ಹೇಳಿದ. ಹಾಜಿರಾಬೀ ಒಲೆಯ ಹತ್ತಿರ ಬಂದು, ಬೆಳಗಿನಿಂದ ಯಾರಿಗೂ ಮುಟ್ಟಗೊಡದೆ ಮುಚ್ಚಿಟ್ಟಿದ್ದ ಎರಡನೆಯ ಹಂಡೆಯ ಮುಚ್ಚಳ ತೆಗೆದಳು. ಅದರಲ್ಲಿ ಮೂವತ್ತೊಂದು ಜನರಿಗೆ ಸಾಕಾಗುವಷ್ಟು ಅನ್ನವಿತ್ತು.